ಅಮೆರಿಕದಲ್ಲಿ ಮೂರನೇ ಪಕ್ಷ ಯಾಕೆ ಗೆಲ್ಲುವುದಿಲ್ಲ? ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದಲ್ಲಿ ಇರುವುದೇ ಎರಡು ಪಕ್ಷವೇ?

ಅಲ್ಲ. ಲಿಬರ್ಟೇರಿಯನ್ ಪಕ್ಷ 1971ರಿಂದ ಇದೆ. ಗ್ರೀನ್ ಪಕ್ಷವಿದೆ, ಕಾನ್‌ಸ್ಟಿಟ್ಯೂಷನ್ ಪಕ್ಷವಿದೆ. ವರ್ಮಾಂಟ್ ರಾಜ್ಯದ ಶಾಸನಸಭೆಯಲ್ಲಿ ಪ್ರೊಗ್ರೆಸಿವ್ ಪಕ್ಷದವರು ವರ್ಷಗಳಿಂದ ಗೆದ್ದು ಬರುತ್ತಿದ್ದಾರೆ. ಆ ದೇಶದ ಸಂವಿಧಾನದಲ್ಲಿ ಪಕ್ಷಗಳ ಪ್ರಸ್ತಾಪವೇ ಇಲ್ಲ, ಹಾಗಾಗಿ ಪಕ್ಷ ಕಟ್ಟಲು ಯಾರ ಅಪ್ಪಣೆಯೂ ಬೇಡ. ತೊಡಕು ಶುರುವಾಗುವುದು ಮತಪತ್ರದಲ್ಲಿ ಹೆಸರು ಹಾಕಿಸುವಾಗ. ಅಂತರ್ಯುದ್ಧದ ನಂತರ ಚುನಾವಣೆ ಗೆದ್ದ ಪ್ರತಿಯೊಬ್ಬ ಅಧ್ಯಕ್ಷರೂ ಡೆಮಾಕ್ರಟಿಕ್ ಅಥವಾ ರಿಪಬ್ಲಿಕನ್ ಪಕ್ಷದವರೇ. ಸೆನೆಟ್‌ನಲ್ಲಿರುವ ಬರ್ನಿ ಸ್ಯಾಂಡರ್ಸ್, ಆಂಗಸ್ ಕಿಂಗ್ ಇಬ್ಬರೂ ಪಕ್ಷೇತರರು ನಿಜ, ಆದರೆ ಸದನದೊಳಗೆ ಅವರು ಡೆಮಾಕ್ರಟರ ಗುಂಪಿನಲ್ಲೇ ಇದ್ದಾರೆ.

1992ರಲ್ಲಿ ಪಕ್ಷೇತರ ಅಧ್ಯಕ್ಷೀಯ ಅಭ್ಯರ್ಥಿ ರಾಸ್ ಪೆರೋಗೆ ಸುಮಾರು 1.97 ಕೋಟಿ ಮತ ಬಿದ್ದರೂ ಒಂದೇ ಒಂದು ಎಲೆಕ್ಟೋರಲ್ ಮತ ಬರಲಿಲ್ಲ. ಅದು ಹೇಗೆ?

ಅಧ್ಯಕ್ಷರ ಚುನಾವಣೆ ಹೆಸರಿಗೆ ಒಂದು, ಲೆಕ್ಕದಲ್ಲಿ ಐವತ್ತೊಂದು. ಐವತ್ತು ರಾಜ್ಯ ಮತ್ತು ರಾಜಧಾನಿ ವಾಷಿಂಗ್ಟನ್, ಒಂದೊಂದೂ ಬೇರೆ ಬೇರೆ ಚುನಾವಣೆ. ಮೇನ್ ಮತ್ತು ನೆಬ್ರಾಸ್ಕಾ ಬಿಟ್ಟು ಉಳಿದ ಎಲ್ಲ ಕಡೆ, ಆ ರಾಜ್ಯದಲ್ಲಿ ಒಂದು ಮತ ಹೆಚ್ಚು ಪಡೆದವರಿಗೆ ಅಲ್ಲಿನ ಅಷ್ಟೂ ಎಲೆಕ್ಟರ್‌ಗಳು, ಅಂದರೆ ಅಧ್ಯಕ್ಷರನ್ನು ಆರಿಸುವ ಪ್ರತಿನಿಧಿಗಳು. ಅವರು ಹಾಕುವ ಮತವೇ ಎಲೆಕ್ಟೋರಲ್ ಮತ. ಪೆರೋಗೆ ದೇಶದಾದ್ಯಂತ ಶೇ 18.9ರಷ್ಟು ಮತ ಬಿತ್ತು. ಮೇನ್ ಮತ್ತು ಯೂಟಾದಲ್ಲಿ ಅವರು ಎರಡನೇ ಸ್ಥಾನಕ್ಕೂ ಬಂದರು. ಎರಡನೇ ಸ್ಥಾನಕ್ಕೆ ಏನೂ ಸಿಗುವುದಿಲ್ಲ.

ಎಷ್ಟು ಮತ ಎನ್ನುವುದಕ್ಕಿಂತ ಎಲ್ಲಿ ಬಿದ್ದ ಮತ ಎನ್ನುವುದು ಮುಖ್ಯ. 1948ರ ಫಲಿತಾಂಶದಷ್ಟು ಚೆನ್ನಾಗಿ ಇದನ್ನು ಇನ್ಯಾವುದೂ ತೋರಿಸುವುದಿಲ್ಲ. ಆ ವರ್ಷ ಡೆಮಾಕ್ರಟಿಕ್ ಪಕ್ಷದಿಂದ ಇಬ್ಬರು ಸಿಡಿದು ನಿಂತರು: ಬಿಳಿ–ಕರಿಯರ ಪ್ರತ್ಯೇಕತೆ ಉಳಿಯಲಿ ಎಂದ ಸ್ಟ್ರಾಮ್ ಥರ್ಮಂಡ್, ಎಡಪಂಥದ ಹೆನ್ರಿ ವಾಲೇಸ್. ಇಬ್ಬರಿಗೂ ಸಿಕ್ಕಿದ್ದು ಶೇ 2.4, ತಲಾ ಸುಮಾರು ಹನ್ನೊಂದೂವರೆ ಲಕ್ಷ ಮತ. ಥರ್ಮಂಡ್ ಮತಗಳು ದಕ್ಷಿಣದ ಕೆಲವೇ ರಾಜ್ಯಗಳಲ್ಲಿ ಗುಡ್ಡೆಯಾಗಿ ಬಿದ್ದು ನಾಲ್ಕು ರಾಜ್ಯ ಗೆದ್ದುಕೊಟ್ಟವು, 39 ಎಲೆಕ್ಟೋರಲ್ ಮತ ಬಂತು. ವಾಲೇಸ್ ಮತಗಳು ದೇಶದ ತುಂಬ ಚದುರಿದ್ದವು. ಅವರದ್ದು ಸೊನ್ನೆ.

ಯಾರಿಗೂ 270 ಬಾರದಿದ್ದರೆ ಮೂರನೆಯವರಿಗೆ ಅವಕಾಶ ಸಿಗಬಹುದಲ್ಲ?

ಕಾಗದದ ಮೇಲೆ ಹೌದು. 538ರಲ್ಲಿ 270 ಯಾರಿಗೂ ಸಿಗದಿದ್ದರೆ ಮೊದಲ ಮೂವರ ಹೆಸರು ಅಮೆರಿಕ ಸಂಸತ್ತಿನ ಕೆಳಮನೆಗೆ ಹೋಗುತ್ತದೆ. ಅಲ್ಲಿ ಸದಸ್ಯರಿಗೆ ತಲಾ ಒಂದು ಮತ ಇರುವುದಿಲ್ಲ, ರಾಜ್ಯಕ್ಕೆ ಒಂದು ಮತ. 52 ಸದಸ್ಯರ ಕ್ಯಾಲಿಫೋರ್ನಿಯಾಕ್ಕೂ ಒಂದು, ಒಬ್ಬರೇ ಸದಸ್ಯರಿರುವ ವಯೋಮಿಂಗ್‌ಗೂ ಒಂದು. ಗೆಲ್ಲಲು 26 ರಾಜ್ಯ ಬೇಕು. ಕೆಳಮನೆಯಲ್ಲಿ ಒಬ್ಬ ಸದಸ್ಯನೂ ಇಲ್ಲದ ಪಕ್ಷಕ್ಕೆ ಅಲ್ಲಿ ಯಾರು ಕೈ ಎತ್ತುತ್ತಾರೆ? ಈ ವಿಧಾನದಲ್ಲಿ ಅಧ್ಯಕ್ಷರು ಆಯ್ಕೆಯಾಗಿದ್ದು ಕೊನೆಯ ಬಾರಿಗೆ 1824ರ ಚುನಾವಣೆಯ ನಂತರ.

ನಮ್ಮಲ್ಲೂ ಹೆಚ್ಚು ಮತ ಪಡೆದವರೇ ಗೆಲ್ಲುವ ಪದ್ಧತಿ ಇದೆ. ಮತ್ತೆ ಕರ್ನಾಟಕದಲ್ಲಿ ಮೂರು ಪಕ್ಷ ಹೇಗೆ ಉಳಿದವು?

ಇದು ಸರಿಯಾದ ಪ್ರಶ್ನೆ, ಏಕೆಂದರೆ ಬರೀ ಮತ ಎಣಿಕೆಯ ಪದ್ಧತಿಯನ್ನು ದೂರಿದರೆ ಉತ್ತರ ಅರ್ಧಕ್ಕೇ ನಿಲ್ಲುತ್ತದೆ. 2018ರಲ್ಲಿ ಜೆಡಿಎಸ್‌ಗೆ ಬಂದಿದ್ದು ಶೇ 18ರ ಆಸುಪಾಸು, ಅಂದರೆ ಹೆಚ್ಚುಕಡಿಮೆ ಪೆರೋ ಪಡೆದಷ್ಟೇ. ಆದರೆ ಆ ಮತಗಳು ಹಳೆ ಮೈಸೂರು ಭಾಗದಲ್ಲಿ ದಟ್ಟವಾಗಿದ್ದರಿಂದ 37 ಸ್ಥಾನ ಬಂತು, ಅತಂತ್ರ ವಿಧಾನಸಭೆಯಲ್ಲಿ ಕುಮಾರಸ್ವಾಮಿ ಮುಖ್ಯಮಂತ್ರಿಯೂ ಆದರು. ಸಂಸದೀಯ ಪದ್ಧತಿಯಲ್ಲಿ 37 ಸ್ಥಾನಕ್ಕೆ ಬೆಲೆಯಿದೆ, ಚೌಕಾಸಿ ಮಾಡಬಹುದು. ಅಮೆರಿಕದಲ್ಲಿ ಅಧ್ಯಕ್ಷ ಪದವಿ ಒಂದೇ. ಗವರ್ನರ್ ಪದವಿಯೂ ಒಂದೇ. ಅದನ್ನು ಮೈತ್ರಿ ಮಾಡಿಕೊಂಡು ಹಂಚಿಕೊಳ್ಳಲು ಬರುವುದಿಲ್ಲ.

ನಾಮಪತ್ರದ ವ್ಯತ್ಯಾಸವೂ ಸಣ್ಣದಲ್ಲ. ಲೋಕಸಭೆಗೆ ಪಕ್ಷೇತರರಾಗಿ ನಿಲ್ಲುವವರಿಗೆ ಹತ್ತು ಜನ ಸೂಚಕರು, 25,000 ರೂಪಾಯಿ ಠೇವಣಿ ಸಾಕು. ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ ಕೆಳಮನೆಗೆ ಮೂರನೇ ಪಕ್ಷದಿಂದ ನಿಲ್ಲಬೇಕಾದರೆ ಆ ಕ್ಷೇತ್ರದ ನೋಂದಾಯಿತ ಮತದಾರರಲ್ಲಿ ಶೇ 5ರಷ್ಟು ಜನರ ಸಹಿ ಬೇಕು, ಒಂದು ಕ್ಷೇತ್ರಕ್ಕೆ ಸುಮಾರು 20,000ಕ್ಕೂ ಮೇಲೆ. 1943ರಿಂದ ಇರುವ ಈ ನಿಯಮದಡಿ ಸಹಿ ಸಂಗ್ರಹಿಸಿ ಕೆಳಮನೆಯ ಮತಪತ್ರಕ್ಕೆ ಬಂದ ಮೂರನೇ ಪಕ್ಷದ ಅಭ್ಯರ್ಥಿ ಒಬ್ಬರೂ ಇಲ್ಲ. ಸುಪ್ರೀಂ ಕೋರ್ಟ್ 1971ರಲ್ಲಿ ಇದನ್ನು ಎತ್ತಿಹಿಡಿಯಿತು.

ಮತಪತ್ರದಲ್ಲಿ ಹೆಸರು ಬರಿಸಲು ಏನೇನು ಮಾಡಬೇಕು?

ಮೊದಲು ಸ್ವಲ್ಪ ಹಿನ್ನೆಲೆ. 1880ರ ದಶಕದವರೆಗೆ ಮತಪತ್ರವನ್ನು ಸರ್ಕಾರ ಮುದ್ರಿಸುತ್ತಿರಲಿಲ್ಲ. ಪಕ್ಷಗಳೇ ತಮ್ಮ ಅಭ್ಯರ್ಥಿಗಳ ಚೀಟಿ ಮುದ್ರಿಸಿ ಹಂಚುತ್ತಿದ್ದವು, ಮತದಾರ ಅದನ್ನೇ ಪೆಟ್ಟಿಗೆಗೆ ಹಾಕುತ್ತಿದ್ದ. 1854ರಲ್ಲಿ ಹುಟ್ಟಿದ ರಿಪಬ್ಲಿಕನ್ ಪಕ್ಷ ಆರೇ ವರ್ಷದಲ್ಲಿ ಲಿಂಕನ್ ಅವರನ್ನು ಗೆಲ್ಲಿಸಿತು. ಅದಕ್ಕೆ ವಿಗ್ ಪಕ್ಷ ಕುಸಿದಿದ್ದು, ಗುಲಾಮಗಿರಿಯ ಪ್ರಶ್ನೆ ದೇಶವನ್ನೇ ಸೀಳಿದ್ದು ಮುಖ್ಯ ಕಾರಣ, ಆದರೆ ಸಹಿ ಸಂಗ್ರಹದ ಕಾಟ ಇಲ್ಲದಿದ್ದುದೂ ನೆರವಾಯಿತು. 1888ರಲ್ಲಿ ಮ್ಯಾಸಚೂಸೆಟ್ಸ್ ಸರ್ಕಾರಿ ಮುದ್ರಣದ ಗುಪ್ತ ಮತಪತ್ರ ತಂದಿತು, ಬೇರೆ ರಾಜ್ಯಗಳು ಹಿಂಬಾಲಿಸಿದವು. ಮತ ಖರೀದಿಗೆ ಕಡಿವಾಣ ಬಿತ್ತು. ಜೊತೆಗೆ, ಮತಪತ್ರದಲ್ಲಿ ಯಾರ ಹೆಸರಿರಬೇಕು ಎಂದು ತೀರ್ಮಾನಿಸುವ ಅಧಿಕಾರ ರಾಜ್ಯ ಶಾಸನಸಭೆಗಳ ಕೈಗೆ ಹೋಯಿತು. ಅಲ್ಲಿ ಕೂತಿದ್ದವರು ಎರಡು ಪಕ್ಷದವರು.

ಈಗ ನಡೆಯುವುದು ಹೀಗೆ. ರಾಜ್ಯ ಕೊಟ್ಟ ನಮೂನೆಯಲ್ಲೇ ಅರ್ಜಿ ಹಾಳೆ ಮುದ್ರಿಸಬೇಕು. ಅದರಲ್ಲಿ ಅಭ್ಯರ್ಥಿ, ಎಲೆಕ್ಟರ್‌ಗಳು, ಹಲವು ರಾಜ್ಯಗಳಲ್ಲಿ ಉಪಾಧ್ಯಕ್ಷ ಅಭ್ಯರ್ಥಿಯ ಹೆಸರೂ ಮೊದಲೇ ಇರಬೇಕು. ಗಡುವಿನೊಳಗೆ ಸಹಿ ಸಂಗ್ರಹಿಸಬೇಕು. ಅಧಿಕಾರಿಗಳು ಮತದಾರರ ಪಟ್ಟಿಯೊಂದಿಗೆ ತಾಳೆ ನೋಡುತ್ತಾರೆ. ಆಮೇಲೆ ಎದುರಾಳಿ ಪಕ್ಷದ ವಕೀಲರು ಆಕ್ಷೇಪಣೆ ಹಾಕುತ್ತಾರೆ, ಹಾಕದೇ ಬಿಡುವುದು ಅಪರೂಪ.

2024ರ ಅಂಕಿ ನೋಡಿ. ಟೆಕ್ಸಸ್‌ನಲ್ಲಿ ಪಕ್ಷೇತರ ಅಧ್ಯಕ್ಷೀಯ ಅಭ್ಯರ್ಥಿಗೆ 1,13,151 ಸಹಿ ಬೇಕಿತ್ತು. ಮಾರ್ಚ್ 5ರ ಪ್ರೈಮರಿ (ಪಕ್ಷದ ಅಭ್ಯರ್ಥಿಯನ್ನು ಮತದಾರರೇ ಆರಿಸುವ ಚುನಾವಣೆ) ಮುಗಿದ ಮೇಲಷ್ಟೇ ಶುರು ಮಾಡಬೇಕು, ಮೇ 13ಕ್ಕೆ ಕೊಟ್ಟುಬಿಡಬೇಕು, ಪ್ರೈಮರಿಯಲ್ಲಿ ಮತ ಹಾಕಿದವರ ಸಹಿ ಲೆಕ್ಕಕ್ಕಿಲ್ಲ. ಕ್ಯಾಲಿಫೋರ್ನಿಯಾದಲ್ಲಿ 2,19,403. ನ್ಯೂಯಾರ್ಕ್‌ನಲ್ಲಿ 45,000, ಅದೂ ಆರು ವಾರದಲ್ಲಿ. 2020ರ ತನಕ ಅಲ್ಲಿ 15,000 ಸಾಕಿತ್ತು. ಅದೇ ವರ್ಷದ ಕಾನೂನು ಪಕ್ಷದ ಮಾನ್ಯತೆ ಉಳಿಸಿಕೊಳ್ಳುವ ಗೆರೆಯನ್ನೂ ಮೇಲಕ್ಕೆ ಎಳೆಯಿತು: ಮೊದಲು ನಾಲ್ಕು ವರ್ಷಕ್ಕೊಮ್ಮೆ 50,000 ಮತ, ಈಗ ಎರಡು ವರ್ಷಕ್ಕೊಮ್ಮೆ 1,30,000 ಮತ ಅಥವಾ ಶೇ 2, ಯಾವುದು ಹೆಚ್ಚೋ ಅದು. ಪರಿಣಾಮವಾಗಿ 2024ರಲ್ಲಿ ನ್ಯೂಯಾರ್ಕಿನ ಮತಪತ್ರದಲ್ಲಿ ಅಧ್ಯಕ್ಷ ಸ್ಥಾನಕ್ಕೆ ಇದ್ದುದು ಎರಡೇ ಹೆಸರು.

ಸಹಿ ಸಂಗ್ರಹದಲ್ಲಿ ಎಡವುವುದು ಎಲ್ಲಿ?

ಸಹಿ ಮಾಡಿದವರ ಹೆಸರು ಮತದಾರರ ಪಟ್ಟಿಯಲ್ಲಿ ಇರುವುದಿಲ್ಲ. ಇದ್ದರೂ ಮನೆ ಬದಲಾಯಿಸಿ ವಿಳಾಸ ತಿದ್ದಿಸಿರುವುದಿಲ್ಲ. ಒಂದು ಕೌಂಟಿಯವರು (ನಮ್ಮ ಜಿಲ್ಲೆಯಂಥ ವಿಭಾಗ) ಇನ್ನೊಂದು ಕೌಂಟಿಯ ಹಾಳೆಯಲ್ಲಿ ಸಹಿ ಹಾಕಿರುತ್ತಾರೆ, ಒಬ್ಬರೇ ಇಬ್ಬರು ಅಭ್ಯರ್ಥಿಗಳಿಗೆ ಸಹಿ ಮಾಡಿರುತ್ತಾರೆ, ದಿನಾಂಕ ಬಿಟ್ಟುಹೋಗಿರುತ್ತದೆ. ಸಹಿಗೆ ಇಷ್ಟು ಎಂದು ಕೂಲಿ ಕೊಟ್ಟು ಜನರನ್ನು ಬಿಟ್ಟರೆ ಖೊಟ್ಟಿ ಸಹಿಗಳೂ ಸೇರಿಕೊಳ್ಳುತ್ತವೆ. ಅದಕ್ಕೇ ಅನುಭವಸ್ಥರು ಬೇಕಾದ್ದಕ್ಕಿಂತ ಒಂದೂವರೆ ಪಟ್ಟು, ಕೆಲವೊಮ್ಮೆ ಎರಡು ಪಟ್ಟು ಸಹಿ ತರದೆ ಸಲ್ಲಿಸುವುದಿಲ್ಲ.

ಎರಡು ಪಟ್ಟು ತಂದರೂ ಸಾಲದೇ ಹೋಗಬಹುದು. 2004ರಲ್ಲಿ ಪಕ್ಷೇತರ ಅಧ್ಯಕ್ಷೀಯ ಅಭ್ಯರ್ಥಿ ರಾಲ್ಫ್ ನೇಡರ್ ಪೆನ್ಸಿಲ್ವೇನಿಯಾದಲ್ಲಿ 51,273 ಸಹಿ ಕೊಟ್ಟರು. ಬೇಕಿದ್ದುದು 25,697. ಕೋರ್ಟಿನ ಪರಿಶೀಲನೆ ಮುಗಿದಾಗ ಊರ್ಜಿತವಾಗಿ ಉಳಿದಿದ್ದು 18,818. ಹೆಸರು ಕಿತ್ತುಹಾಕಿದ್ದಲ್ಲದೆ, ಆಕ್ಷೇಪಣೆ ಹಾಕಿದವರ ಖರ್ಚು ಎಂದು 81,102 ಡಾಲರ್ ಅವರ ತಲೆಗೇ ಕಟ್ಟಿದರು.

ತಪ್ಪು ಸರ್ಕಾರದ ಕಚೇರಿಯದ್ದಾದರೂ ರಿಯಾಯಿತಿ ಇಲ್ಲ. 2024ರಲ್ಲಿ ನೆವಾಡಾದ ಗ್ರೀನ್ ಪಕ್ಷಕ್ಕೆ ಚುನಾವಣಾ ಅಧಿಕಾರಿಗಳೇ ತಪ್ಪು ನಮೂನೆ ಕಳಿಸಿದ್ದರು. ಸಹಿ ಮಾಡಿದವರು ನೋಂದಾಯಿತ ಮತದಾರರೆಂಬ ದೃಢೀಕರಣದ ಸಾಲು ಅದರಲ್ಲಿರಲಿಲ್ಲ. ರಾಜ್ಯದ ಸುಪ್ರೀಂ ಕೋರ್ಟ್ ಅರ್ಜಿಯನ್ನೇ ಅಸಿಂಧುಗೊಳಿಸಿತು, ಫೆಡರಲ್ ಸುಪ್ರೀಂ ಕೋರ್ಟ್ ಮಧ್ಯೆ ಬರಲಿಲ್ಲ. ಅದೇ ವರ್ಷ ಪಕ್ಷೇತರ ಅಭ್ಯರ್ಥಿ ರಾಬರ್ಟ್ ಎಫ್. ಕೆನಡಿ ಜೂನಿಯರ್ ಕೊಟ್ಟ ಮನೆ ವಿಳಾಸ ನಿಜವಲ್ಲ ಎಂದು ನ್ಯೂಯಾರ್ಕಿನ ನ್ಯಾಯಾಲಯ ಅವರ ಅರ್ಜಿ ತಳ್ಳಿಹಾಕಿತು. ಆಮೇಲೆ ಅವರು ಕಣದಿಂದ ಹಿಂದೆ ಸರಿದು ಟ್ರಂಪ್‌ಗೆ ಬೆಂಬಲ ಘೋಷಿಸಿದಾಗ ಮಿಷಿಗನ್, ವಿಸ್ಕಾನ್ಸಿನ್‌ನಲ್ಲಿ ಹೆಸರು ತೆಗೆಸಲು ಹೋದರು, ಆಗಲಿಲ್ಲ. ಒಂದು ಕಡೆ ಸೇರಿಸುವುದಿಲ್ಲ, ಇನ್ನೊಂದು ಕಡೆ ಬಿಡುವುದಿಲ್ಲ.

ಮತ ಒಡೆಯುತ್ತಾರೆ ಎಂಬ ಆರೋಪ ಎಷ್ಟು ನಿಜ?

ಕೆಲವು ಸಲ ಪೂರ್ತಿ ನಿಜ. 1912ರಲ್ಲಿ ಥಿಯೊಡರ್ ರೂಸ್‌ವೆಲ್ಟ್ ರಿಪಬ್ಲಿಕನ್ ಟಿಕೆಟ್ ತಪ್ಪಿದ್ದಕ್ಕೆ ಹೊಸ ಪಕ್ಷ ಕಟ್ಟಿ ನಿಂತರು. ಅವರಿಗೆ ಶೇ 27.4, ಅಧಿಕೃತ ಅಭ್ಯರ್ಥಿ ಟ್ಯಾಫ್ಟ್‌ಗೆ ಶೇ 23.2. ಎರಡನ್ನೂ ಕೂಡಿಸಿದರೆ ಅರ್ಧಕ್ಕಿಂತ ಹೆಚ್ಚು. ಗೆದ್ದವರು ಶೇ 41.8 ಪಡೆದ ಡೆಮಾಕ್ರಟ್ ವುಡ್ರೊ ವಿಲ್ಸನ್, 435 ಎಲೆಕ್ಟೋರಲ್ ಮತಗಳೊಂದಿಗೆ. 2013ರ ಕರ್ನಾಟಕ ನೆನಪಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಯಡಿಯೂರಪ್ಪನವರ ಕೆಜೆಪಿಗೆ ಸುಮಾರು ಶೇ 10 ಮತ, 6 ಸ್ಥಾನ, ಬಿಜೆಪಿ 40ಕ್ಕೆ ಇಳಿಯಿತು, ಕಾಂಗ್ರೆಸ್‌ಗೆ 122.

2000ರಲ್ಲಿ ಫ್ಲಾರಿಡಾದಲ್ಲಿ ರಿಪಬ್ಲಿಕನ್ ಜಾರ್ಜ್ ಡಬ್ಲ್ಯು. ಬುಷ್ ಡೆಮಾಕ್ರಟ್ ಆಲ್ ಗೋರ್ ವಿರುದ್ಧ ಗೆದ್ದಿದ್ದು 537 ಮತಗಳಿಂದ, ಅಲ್ಲಿ ಗ್ರೀನ್ ಪಕ್ಷದ ನೇಡರ್‌ಗೆ ಬಿದ್ದಿದ್ದು 97,488. ನೇಡರ್ ಮತದಾರರಲ್ಲಿ ಎಷ್ಟೋ ಜನ ಬೇರೆ ಯಾರಿಗೂ ಹಾಕದೆ ಮನೆಯಲ್ಲೇ ಇರುತ್ತಿದ್ದರು ಎಂದು ಒಪ್ಪಿದರೂ 537 ತೀರಾ ಸಣ್ಣ ಸಂಖ್ಯೆ. 2016ರ ಲೆಕ್ಕ ಅಷ್ಟು ಸಲೀಸಲ್ಲ. ಮಿಷಿಗನ್‌ನಲ್ಲಿ ಟ್ರಂಪ್ ಗೆಲುವಿನ ಅಂತರ 10,704, ಗ್ರೀನ್ ಪಕ್ಷದ ಜಿಲ್ ಸ್ಟೈನ್‌ಗೆ 51,463 ಎಂಬುದನ್ನು ಎಲ್ಲರೂ ಹೇಳುತ್ತಾರೆ, ಆದರೆ ಅದೇ ಮತಪತ್ರದಲ್ಲಿ ಲಿಬರ್ಟೇರಿಯನ್ ಪಕ್ಷದ ಗ್ಯಾರಿ ಜಾನ್ಸನ್ ಅವರೂ ಇದ್ದರು, ಅವರು ಯಾರ ಮತ ತಿಂದರು ಎಂಬ ಪ್ರಶ್ನೆ ಬಿಟ್ಟುಬಿಡುತ್ತಾರೆ. ಇನ್ನು ಪೆರೋ ವಿಷಯದಲ್ಲಿ ಆರೋಪ ನಿಲ್ಲುವುದಿಲ್ಲ. ಮತ ಹಾಕಿ ಹೊರಬಂದವರ ಸಮೀಕ್ಷೆಯಲ್ಲಿ ಅವರ ಮತದಾರರ ಎರಡನೇ ಆಯ್ಕೆ 1992ರ ಎದುರಾಳಿಗಳಾದ ಹಿರಿಯ ಬುಷ್ ಮತ್ತು ಬಿಲ್ ಕ್ಲಿಂಟನ್ ನಡುವೆ ಹೆಚ್ಚುಕಡಿಮೆ ಸಮನಾಗಿತ್ತು.

ಆರೋಪ ನಿಜವೋ ಸುಳ್ಳೋ, ಅದರ ಭಯವಂತೂ ಕೆಲಸ ಮಾಡುತ್ತದೆ. 2016ರ ಬೇಸಿಗೆಯ ಸಮೀಕ್ಷೆಗಳಲ್ಲಿ ಶೇ 8–9ರ ಆಸುಪಾಸಿನಲ್ಲಿದ್ದ ಜಾನ್ಸನ್ ನವೆಂಬರ್‌ನಲ್ಲಿ ಶೇ 3.3ಕ್ಕೆ ಇಳಿದರು.

ಟಿವಿ ಚರ್ಚೆಗೆ ಕರೆಯುವುದಿಲ್ಲವೇಕೆ?

ಅಧ್ಯಕ್ಷೀಯ ಚರ್ಚೆಗಳ ಆಯೋಗ 1987ರಲ್ಲಿ ಹುಟ್ಟಿದ್ದು ಎರಡು ಪಕ್ಷಗಳ ಅಂದಿನ ಅಧ್ಯಕ್ಷರ ಮುತುವರ್ಜಿಯಲ್ಲಿ. 2000ದಿಂದ ಅದರ ನಿಯಮ, ಐದು ರಾಷ್ಟ್ರೀಯ ಸಮೀಕ್ಷೆಗಳ ಸರಾಸರಿಯಲ್ಲಿ ಶೇ 15 ಇರಬೇಕು. 2024ರಲ್ಲಿ ಆಯೋಗವನ್ನು ಪಕ್ಕಕ್ಕೆ ಸರಿಸಿ ಸಿಎನ್‌ಎನ್ ಚರ್ಚೆ ನಡೆಸಿದಾಗಲೂ ಶೇ 15ರ ಗೆರೆ ಉಳಿಯಿತು, 270 ಎಲೆಕ್ಟೋರಲ್ ಮತಗಳಿಗೆ ಸಾಲುವಷ್ಟು ರಾಜ್ಯಗಳ ಮತಪತ್ರದಲ್ಲಿ ಹೆಸರಿರಬೇಕೆಂಬ ಷರತ್ತೂ ಉಳಿಯಿತು. ಪೆರೋ 1992ರಲ್ಲಿ ಮೂರೂ ಚರ್ಚೆಗಳಲ್ಲಿದ್ದರು. 1996ರಲ್ಲಿ ಕರೆಯಲಿಲ್ಲ, ಮತ ಶೇ 8.4ಕ್ಕೆ ಇಳಿಯಿತು.

ಶೇ 5 ಮತ ಬಂದರೆ ಸರ್ಕಾರವೇ ಹಣ ಕೊಡುತ್ತದಂತೆ?

ಹೌದು, ಮುಂದಿನ ಚುನಾವಣೆಗೆ. ಪೆರೋ ಗಳಿಸಿಕೊಟ್ಟ ಮತದಿಂದ ಅವರೇ ಕಟ್ಟಿದ್ದ ರಿಫಾರ್ಮ್ ಪಕ್ಷಕ್ಕೆ 2000ದಲ್ಲಿ ಸುಮಾರು 1.26 ಕೋಟಿ ಡಾಲರ್ ಬಂತು. ಬಂದ ಹಣವೇ ಪಕ್ಷಕ್ಕೆ ಮುಳುವಾಯಿತು. ಉಮೇದುವಾರಿಕೆಗೆ ಕಿತ್ತಾಟ ಶುರುವಾಗಿ ಪಕ್ಷ ಹೋಳಾಯಿತು, ಕೊನೆಗೆ ಅಭ್ಯರ್ಥಿಯಾದ ಪ್ಯಾಟ್ ಬುಕಾನನ್‌ಗೆ ಶೇ 0.4 ಬಂತು. ಅಲ್ಲಿಗೆ ಹಣವೂ ನಿಂತಿತು, ಪಕ್ಷವೂ ನಿಂತ ಹಾಗೆಯೇ.

ಮೂರನೇ ಪಕ್ಷ ಬೇಕು ಎನ್ನುವವರು ಇಷ್ಟು ಜನ ಇದ್ದೂ ಯಾಕೆ ಆಗುತ್ತಿಲ್ಲ?

ಗ್ಯಾಲಪ್‌ನ 2023ರ ಸಮೀಕ್ಷೆಯಲ್ಲಿ ಶೇ 63 ಜನ ಮೂರನೇ ಪಕ್ಷ ಬೇಕೆಂದರು. ಆದರೆ ಅವರೆಲ್ಲ ಬಯಸುವುದು ಒಂದೇ ಪಕ್ಷವನ್ನಲ್ಲ. ಒಬ್ಬರಿಗೆ ಡೆಮಾಕ್ರಟರಿಗಿಂತ ಎಡಕ್ಕೆ ಬೇಕು, ಇನ್ನೊಬ್ಬರಿಗೆ ರಿಪಬ್ಲಿಕನ್ನರಿಗಿಂತ ಬಲಕ್ಕೆ, ಮತ್ತೊಬ್ಬರಿಗೆ ನಟ್ಟ ನಡುವೆ.

ಇದಕ್ಕಿಂತ ದೊಡ್ಡ ಕಾರಣ ಪ್ರೈಮರಿ ಚುನಾವಣೆ. ನಮ್ಮಲ್ಲಿ ಹೈಕಮಾಂಡ್ ಬಿ–ಫಾರಂ ಕೊಡದಿದ್ದರೆ ಬಂಡಾಯವೇ ಗತಿ. ಅಮೆರಿಕದಲ್ಲಿ ಟಿಕೆಟ್ ಕೊಡುವವರು ಮತದಾರರು. ಪಕ್ಷದ ಮುಖಂಡರಿಗೆ ಬೇಡವಾದವರೂ ಪ್ರೈಮರಿಯಲ್ಲಿ ಗೆದ್ದರೆ ಅಧಿಕೃತ ಅಭ್ಯರ್ಥಿ. ಆದ್ದರಿಂದ ಅಸಮಾಧಾನ ಇರುವವರು ಹೊರಗೆ ಗುಡಿಸಲು ಹಾಕುವ ಬದಲು ಒಳಗೆ ನುಗ್ಗುತ್ತಾರೆ. ಉತ್ತರ ಡಕೋಟಾದ ರೈತರ ನಾನ್‌ಪಾರ್ಟಿಸನ್ ಲೀಗ್ 1916ರಲ್ಲಿ ಮಾಡಿದ್ದು ಇದನ್ನೇ. ಹೊಸ ಪಕ್ಷ ಕಟ್ಟದೆ ರಿಪಬ್ಲಿಕನ್ ಪ್ರೈಮರಿಯಲ್ಲಿ ತಮ್ಮವರನ್ನು ಗೆಲ್ಲಿಸಿ ಸರ್ಕಾರ ಹಿಡಿದರು, ರಾಜ್ಯದ ಒಡೆತನದ ಬ್ಯಾಂಕ್ ಸ್ಥಾಪಿಸಿದರು. ಆ ಬ್ಯಾಂಕ್ ಇವತ್ತಿಗೂ ನಡೆಯುತ್ತಿದೆ. 2000ದಲ್ಲಿ ರಿಫಾರ್ಮ್ ಪಕ್ಷದ ಬಾಗಿಲು ತಟ್ಟಿ ನೋಡಿದ್ದ ಡೊನಾಲ್ಡ್ ಟ್ರಂಪ್ 2016ರಲ್ಲಿ ಗೆದ್ದಿದ್ದು ರಿಪಬ್ಲಿಕನ್ ಪ್ರೈಮರಿಯ ದಾರಿಯಿಂದ. ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾಣೇದಾರ್ 2022ರಲ್ಲಿ ಮಿಷಿಗನ್‌ನ 13ನೇ ಕ್ಷೇತ್ರದ ಡೆಮಾಕ್ರಟಿಕ್ ಪ್ರೈಮರಿಯನ್ನು ಶೇ 28ರಷ್ಟು ಮತದಿಂದ ಗೆದ್ದರು, ಏಕೆಂದರೆ ಕಣದಲ್ಲಿ ಬಹಳ ಜನರಿದ್ದರು. ಡೆಮಾಕ್ರಟರ ಭದ್ರಕೋಟೆಯಾದ ಆ ಕ್ಷೇತ್ರದಲ್ಲಿ ನಿಜವಾದ ಚುನಾವಣೆ ಅಲ್ಲಿಗೇ ಮುಗಿದಿತ್ತು.

ಪ್ರೈಮರಿಯಲ್ಲಿ ಸೋತವರು ಪಕ್ಷೇತರರಾಗಿ ನಿಲ್ಲಬಹುದೇ?

ಬಹುತೇಕ ರಾಜ್ಯಗಳಲ್ಲಿ ಆಗದು. ಸೋತವರು ಅದೇ ವರ್ಷ ಅದೇ ಸ್ಥಾನಕ್ಕೆ ಬೇರೆ ದಾರಿಯಿಂದ ಬರದಂತೆ ಕಾನೂನಿದೆ, ಅಥವಾ ಗಡುವನ್ನು ಹಾಗೆ ಇಟ್ಟಿದ್ದಾರೆ. ಕನೆಕ್ಟಿಕಟ್‌ನಲ್ಲಿ ಅಂಥ ತಡೆ ಇಲ್ಲದ ಕಾರಣ ಡೆಮಾಕ್ರಟ್ ಸೆನೆಟರ್ ಜೋ ಲೀಬರ್ಮನ್ 2006ರ ಆಗಸ್ಟ್‌ನಲ್ಲಿ ಪ್ರೈಮರಿ ಸೋತು ನವೆಂಬರ್‌ನಲ್ಲಿ ಸ್ವಂತ ಪಕ್ಷದ ಹೆಸರಲ್ಲಿ ಸೆನೆಟ್ ಗೆದ್ದರು. ಅಲಾಸ್ಕಾದಲ್ಲಿ ರಿಪಬ್ಲಿಕನ್ ಪ್ರೈಮರಿ ಸೋತ ಸೆನೆಟರ್ ಲೀಸಾ ಮರ್ಕೌಸ್ಕಿ 2010ರಲ್ಲಿ ಗೆದ್ದಿದ್ದು ಮತದಾರರು ಮತಪತ್ರದ ಖಾಲಿ ಸಾಲಿನಲ್ಲಿ ಕೈಯಾರೆ ಹೆಸರು ಬರೆದಿದ್ದರಿಂದ. ಹವಾಯಿ, ಒಕ್ಲಹೋಮಾದಂಥ ರಾಜ್ಯಗಳಲ್ಲಿ ಹಾಗೆ ಹೆಸರು ಬರೆಯಲು ಅವಕಾಶವೇ ಇಲ್ಲ.

ಜೆಸ್ಸಿ ವೆಂಚುರಾ ಹೇಗೆ ಗೆದ್ದರು?

1998ರಲ್ಲಿ ಮಿನೆಸೋಟಾದ ಗವರ್ನರ್ ಆದ ಈ ಮಾಜಿ ಕುಸ್ತಿಪಟುವಿನ ಗೆಲುವನ್ನು ಬರೀ ಜನಪ್ರಿಯತೆಯ ಪವಾಡ ಎನ್ನುವವರು ಆ ರಾಜ್ಯದ ನಿಯಮಗಳನ್ನು ನೋಡಿಲ್ಲ. 1994ರಲ್ಲೇ ಡೀನ್ ಬಾರ್ಕ್ಲಿ ಸೆನೆಟ್ ಚುನಾವಣೆಯಲ್ಲಿ ಶೇ 5 ದಾಟಿದ್ದರಿಂದ, ವೆಂಚುರಾ ಮುಂದೆ ನಿಂತ ಪಕ್ಷಕ್ಕೆ ಪ್ರಮುಖ ಪಕ್ಷದ ಮಾನ್ಯತೆ ಸಿಕ್ಕಿತ್ತು, ಅಂದರೆ ಸಹಿ ಸಂಗ್ರಹದ ರಗಳೆ ಇಲ್ಲ. ರಾಜ್ಯದ ಚುನಾವಣಾ ನಿಧಿಯಿಂದ ಹಣ ಬಂತು. ಚರ್ಚೆಗಳಿಗೆ ಕರೆದರು. ಮತದಾನದ ದಿನವೇ ನೋಂದಾಯಿಸಿ ಮತ ಹಾಕುವ ಸೌಲಭ್ಯ ಇದ್ದುದರಿಂದ ಮೊದಲ ಬಾರಿ ಮತ ಹಾಕುವವರು ಹಿಂಡು ಹಿಂಡಾಗಿ ಬಂದರು. ಶೇ 37 ಸಾಕಾಯಿತು. ಆದರೆ ಶಾಸನಸಭೆಯಲ್ಲಿ ಅವರ ಹಿಂದೆ ಪಕ್ಷ ಇರಲಿಲ್ಲ, 2002ರಲ್ಲಿ ಅವರು ಮತ್ತೆ ನಿಲ್ಲಲೂ ಇಲ್ಲ.

ಹಾಗಾದರೆ ಊರು, ರಾಜ್ಯ ಮಟ್ಟದಿಂದ ಶುರು ಮಾಡದೆ ನೇರ ಅಧ್ಯಕ್ಷ ಪದವಿಗೇ ಯಾಕೆ ನಿಲ್ಲುತ್ತಾರೆ?

ಬುದ್ಧಿವಂತಿಕೆ ಇರುವುದು ಕೆಳಗಿನಿಂದ ಕಟ್ಟುವುದರಲ್ಲೇ. ಆದರೆ ಹಲವು ರಾಜ್ಯಗಳ ಕಾನೂನು ಅದಕ್ಕೆ ಉಲ್ಟಾ ಇದೆ. ರಾಜ್ಯವ್ಯಾಪಿ ಸ್ಥಾನಕ್ಕೆ, ಎಷ್ಟೋ ಕಡೆ ಅಧ್ಯಕ್ಷ ಅಥವಾ ಗವರ್ನರ್ ಸ್ಥಾನಕ್ಕೇ, ಇಂತಿಷ್ಟು ಮತ ಬಿದ್ದರೆ ಮಾತ್ರ ಪಕ್ಷದ ಮಾನ್ಯತೆ ಉಳಿಯುತ್ತದೆ. ನಗರಸಭೆಯಲ್ಲಿ ಹತ್ತು ಸ್ಥಾನ ಗೆದ್ದರೂ ಆ ಲೆಕ್ಕಕ್ಕೆ ಬರುವುದಿಲ್ಲ. ಹೀಗಾಗಿ ಗೆಲ್ಲಲಾಗದ ಚುನಾವಣೆಗೆ ಹಣ ಸುರಿದು, ಗೆಲ್ಲಬಹುದಾದ ಚುನಾವಣೆಗೆ ಕಾಸಿಲ್ಲದೆ ಕೂರುತ್ತಾರೆ.

ಯಾವ ಸುಧಾರಣೆಯಿಂದ ಏನಾದರೂ ಬದಲಾದೀತು?

ಮೂರು ದಾರಿಗಳ ಮಾತು ಕೇಳಿಬರುತ್ತದೆ, ಮೂರರ ತೂಕ ಒಂದೇ ಅಲ್ಲ.

ಮೊದಲನೆಯದು, ಒಬ್ಬ ಅಭ್ಯರ್ಥಿಯ ಹೆಸರು ಎರಡು ಪಕ್ಷಗಳ ಸಾಲಿನಲ್ಲಿ ಬರಲು ಬಿಡುವುದು. ನ್ಯೂಯಾರ್ಕ್, ಕನೆಕ್ಟಿಕಟ್‌ನಲ್ಲಿ ಇದು ಚಾಲ್ತಿಯಲ್ಲಿದೆ. ಡೆಮಾಕ್ರಟ್ ಅಭ್ಯರ್ಥಿಗೆ ವರ್ಕಿಂಗ್ ಫ್ಯಾಮಿಲೀಸ್ ಎಂಬ ಸಣ್ಣ ಪಕ್ಷದ ಸಾಲಿನಲ್ಲಿ ಮತ ಹಾಕಿದರೆ ಮತ ಒಡೆಯುವುದಿಲ್ಲ, ಆದರೆ ಆ ಪಕ್ಷದ ಬಲ ಎಷ್ಟೆಂದು ಎಣಿಕೆಯಲ್ಲಿ ಕಾಣುತ್ತದೆ. ಬಹುತೇಕ ರಾಜ್ಯಗಳು ಇದನ್ನು ನಿಷೇಧಿಸಿವೆ, 1997ರಲ್ಲಿ ಸುಪ್ರೀಂ ಕೋರ್ಟ್ ನಿಷೇಧ ಸರಿ ಎಂದಿತು.

ಎರಡನೆಯದು ಪ್ರಾಶಸ್ತ್ಯದ ಮತ. ನಮ್ಮ ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರದಲ್ಲಿ ಹಾಕುವ ಹಾಗೆ 1, 2, 3 ಎಂದು ಗುರುತು ಹಾಕುವುದು. ಕೊನೆಯಲ್ಲಿರುವವರನ್ನು ಹೊರಹಾಕಿ ಅವರ ಮತವನ್ನು ಎರಡನೇ ಆಯ್ಕೆಗೆ ವರ್ಗಾಯಿಸುತ್ತಾರೆ. ಮೇನ್ ರಾಜ್ಯ 2016ರಲ್ಲಿ ಒಪ್ಪಿತು. 2018ರಲ್ಲಿ ಅಲ್ಲಿ ಮೊದಲ ಸುತ್ತಿನಲ್ಲಿ ಹಿಂದಿದ್ದ ಜೆರೆಡ್ ಗೋಲ್ಡನ್ ವರ್ಗಾವಣೆಯ ನಂತರ ಕೆಳಮನೆಗೆ ಗೆದ್ದರು. ಅಲಾಸ್ಕಾದಲ್ಲೂ ಇದೆ. 2024ರಲ್ಲಿ ನೆವಾಡಾ, ಆರೆಗಾನ್, ಇಡಾಹೊ, ಕೊಲರಾಡೊ ಮತದಾರರು ಬೇಡವೆಂದರು. ಇದು ಮತ ಒಡೆಯುವ ಭಯ ತೆಗೆಯುತ್ತದೆ, ಆದರೆ ಸ್ಥಾನ ಒಂದೇ ಇರುವಲ್ಲಿ ಕೊನೆಗೆ ಗೆಲ್ಲುವವರು ಸಾಮಾನ್ಯವಾಗಿ ದೊಡ್ಡ ಪಕ್ಷದವರೇ.

ನಿಜವಾಗಿ ಸ್ಥಾನ ತಂದುಕೊಡುವುದು ಮೂರನೆಯದು: ಒಂದು ಕ್ಷೇತ್ರದಿಂದ ಹಲವರನ್ನು ಮತದ ಪ್ರಮಾಣಕ್ಕೆ ತಕ್ಕಂತೆ ಆರಿಸುವುದು. ಮ್ಯಾಸಚೂಸೆಟ್ಸ್‌ನ ಕೇಂಬ್ರಿಜ್ ನಗರಸಭೆಗೆ 1941ರಿಂದ ಹೀಗೇ ಚುನಾವಣೆ. ನ್ಯೂಯಾರ್ಕ್ ನಗರ 1937ರಿಂದ ಇದನ್ನು ಬಳಸಿತು. ಕಮ್ಯುನಿಸ್ಟರಿಬ್ಬರು ಗೆದ್ದು ಬಂದರು. 1947ರಲ್ಲಿ ರದ್ದು ಮಾಡಿದರು. ಕೆಳಮನೆಗೆ ಇದು ಬಾರದಂತೆ ತಡೆದಿರುವುದು ಸಂವಿಧಾನವಲ್ಲ, ಕ್ಷೇತ್ರಕ್ಕೆ ಒಬ್ಬರೇ ಸದಸ್ಯರು ಎನ್ನುವ 1967ರ ಒಂದು ಕಾನೂನು. ಅಲ್ಲಿನ ಸಂಸತ್ತಾದ ಕಾಂಗ್ರೆಸ್ ಮನಸ್ಸು ಮಾಡಿದರೆ ಸಾಮಾನ್ಯ ಮಸೂದೆಯಲ್ಲೇ ತೆಗೆದುಹಾಕಬಹುದು. ಮನಸ್ಸು ಮಾಡಬೇಕಾದವರು ಯಾರು ಎಂಬುದೇ ತೊಂದರೆ.

ಇಲಾನ್ ಮಸ್ಕ್ ಅವರ ಹಣದಿಂದ ಆಗದೇ?

2025ರ ಜುಲೈನಲ್ಲಿ ಅವರು ಅಮೆರಿಕ ಪಾರ್ಟಿ ಎಂದು ಘೋಷಿಸಿದಾಗ ಈ ಪ್ರಶ್ನೆ ಎದ್ದಿತು. ಹಣ ಸಹಿ ತಂದುಕೊಡುತ್ತದೆ, ವಕೀಲರನ್ನು ತಂದುಕೊಡುತ್ತದೆ. ಪೆರೋ 1992ರಲ್ಲಿ ಆರು ಕೋಟಿ ಡಾಲರ್‌ಗೂ ಹೆಚ್ಚು ಸ್ವಂತ ಹಣ ಸುರಿದು ಐವತ್ತೂ ರಾಜ್ಯಗಳ ಮತಪತ್ರಕ್ಕೆ ಬಂದರು. ಯಾವುದಾದರೂ ಒಂದು ರಾಜ್ಯದಲ್ಲಿ ಮೊದಲ ಸ್ಥಾನ ಕೊಡುವಷ್ಟು ದಟ್ಟವಾದ ಬೆಂಬಲವನ್ನು ಆ ಹಣ ತಂದುಕೊಡಲಿಲ್ಲ.

ಅಮೆರಿಕದಲ್ಲಿರುವ ಕನ್ನಡಿಗರು ಇಂಥ ಅರ್ಜಿಗೆ ಸಹಿ ಹಾಕಬಹುದೇ, ದೇಣಿಗೆ ಕೊಡಬಹುದೇ?

ಸಹಿ ಹಾಕಲು ನೋಂದಾಯಿತ ಮತದಾರರಾಗಿರಬೇಕು, ಅಂದರೆ ಅಲ್ಲಿನ ಪೌರರಾಗಿರಬೇಕು. ಗ್ರೀನ್ ಕಾರ್ಡ್‌ನವರೂ ಎಚ್‌–1ಬಿ ವೀಸಾದವರೂ ಅಂಗಡಿ ಮುಂದೆ ಯಾರಾದರೂ ಹಾಳೆ ಹಿಡಿದು ಬಂದರೆ ಬೇಡ ಎನ್ನಬೇಕು. ನಾನು ನೋಂದಾಯಿತ ಮತದಾರ ಎಂಬ ಘೋಷಣೆ ಆ ಹಾಳೆಯಲ್ಲೇ ಇರುತ್ತದೆ, ಸುಳ್ಳು ಘೋಷಣೆ ಮುಂದೆ ಪೌರತ್ವದ ಅರ್ಜಿಗೇ ತೊಡಕಾಗಬಹುದು. ಫೆಡರಲ್ ಕಾನೂನಿನಂತೆ ದೇಣಿಗೆಯನ್ನು ಗ್ರೀನ್ ಕಾರ್ಡ್‌ನವರು ಕೊಡಬಹುದು, ಎಚ್‌–1ಬಿಯವರು ಕೊಡುವಂತಿಲ್ಲ. ಸಂಬಳವಿಲ್ಲದೆ ಸ್ವಯಂಸೇವೆ ಮಾಡಲು ಅಡ್ಡಿಯಿಲ್ಲ. ಪೌರರಾದವರು ಸಹಿ ಹಾಕುವುದಿದ್ದರೆ ನೋಂದಣಿಯಲ್ಲಿರುವ ವಿಳಾಸವನ್ನೇ ಅಕ್ಷರ ತಪ್ಪದೆ ಬರೆಯಿರಿ, ಹಾಳೆಯ ಮೇಲಿರುವ ಕೌಂಟಿಯ ಹೆಸರು ನಿಮ್ಮದೇನಾ ನೋಡಿ, ಒಂದು ಸ್ಥಾನಕ್ಕೆ ಒಬ್ಬರಿಗೇ ಸಹಿ ಮಾಡಿ. ಟೆಕ್ಸಸ್‌ನಲ್ಲಿದ್ದು ಆ ವರ್ಷದ ಪ್ರೈಮರಿಯಲ್ಲಿ ಮತ ಹಾಕಿದ್ದರೆ ನಿಮ್ಮ ಸಹಿಯಿಂದ ಅಭ್ಯರ್ಥಿಗೆ ಉಪಯೋಗವಿಲ್ಲ.